ಮೃಗಶಿರಾಕ್ಕೆ ಶುರು, ಹೋಳಿಗೆ ವಿರಾಮ: ಕಲಬುರಗಿಯ ಕೈತೋಟ

ಮನೆಯಲ್ಲೇ ತರಕಾರಿ ಬೆಳೆಯಬೇಕೆಂಬ ಆಸೆ ಕಲಬುರಗಿಯಲ್ಲಿ ಬಹಳ ಜನರಿಗೆ ಹುಟ್ಟುವುದು ಏಪ್ರಿಲ್‌ನಲ್ಲಿ. ಮಕ್ಕಳಿಗೆ ಸೂಟಿ ಬಿದ್ದಿರುತ್ತದೆ, ಪೇಟೆಯಲ್ಲಿ ಸೊಪ್ಪಿನ ದರ ಏರಿರುತ್ತದೆ, ದೊಡ್ಡವರಿಗೂ ತುಸು ಬಿಡುವಿರುತ್ತದೆ. ಹತ್ತು ಕುಂಡ, ಒಂದಿಷ್ಟು ಟಮಾಟಿ ಸಸಿ, ಎರಡು ಚೀಲ ಮಣ್ಣು ತಂದು ಮಾಳಿಗೆಯ ಮೇಲೆ ಸಾಲಾಗಿ ಇಡುತ್ತಾರೆ. ಮೇ ತಿಂಗಳ ನಡುವಿಗೆ ಆ ಸಸಿಗಳು ಒಣಗಿ ಕಡ್ಡಿಯಾಗಿರುತ್ತವೆ. ‘ನಮ್ಮ ಕೈಗುಣ ಚೊಲೊ ಇಲ್ಲ’ ಎಂದು ಕುಂಡಗಳನ್ನು ಮೂಲೆಗೆ ತಳ್ಳುತ್ತಾರೆ. ಕೈಗುಣಕ್ಕೆ ಏನೂ ಆಗಿರುವುದಿಲ್ಲ, ತಿಂಗಳು ತಪ್ಪಿರುತ್ತದೆ.

ಕೈತೋಟದ ಬಗ್ಗೆ ಕನ್ನಡದಲ್ಲಿ ಸಿಗುವ ಪುಸ್ತಕ, ವಿಡಿಯೊಗಳಲ್ಲಿ ಹೆಚ್ಚಿನವು ಬೆಂಗಳೂರು, ಮೈಸೂರು ಕಡೆಯವು. ಬೆಂಗಳೂರಿನಲ್ಲಿ ಕೀಟಶಾಸ್ತ್ರಜ್ಞ ಡಾ. ಬಿ. ಎನ್. ವಿಶ್ವನಾಥ್ ಅವರಂಥವರು ತಾರಸಿ ತೋಟವನ್ನು ಒಂದು ಚಳವಳಿಯ ಹಾಗೆ ಬೆಳೆಸಿದರು. ಆ ಅನುಭವದಿಂದ ಕಲಿಯುವುದು ಬಹಳ ಇದೆ. ಆದರೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ, ಕಲಬುರಗಿ ಸುಮಾರು 450 ಮೀಟರ್ ಎತ್ತರದಲ್ಲಿದೆ. ಅಲ್ಲಿ ವರ್ಷವಿಡೀ ಟಮಾಟಿ ಕಾಯಿ ಬಿಡುತ್ತದೆ. ಇಲ್ಲಿ ಮೇ ತಿಂಗಳಲ್ಲಿ ಉಷ್ಣಾಂಶ 42–44 ಡಿಗ್ರಿ ಮುಟ್ಟುವುದು ಹೊಸದಲ್ಲ. ಅಲ್ಲಿನ ನೆಲ ಹೆಚ್ಚಾಗಿ ಕೆಂಪು ಮಣ್ಣಿನದು, ಇಲ್ಲಿ ಎತ್ತ ನೋಡಿದರೂ ಕಪ್ಪು ಎರೆ. ಆದ್ದರಿಂದ ವಿಧಾನವನ್ನು ಅಲ್ಲಿಂದ ಕಲಿತರೂ ಪಂಚಾಂಗ ನಮ್ಮದೇ ಇರಬೇಕು.

ನಮ್ಮ ಪಂಚಾಂಗ ಸರಳವಾದದ್ದು. ಕೈತೋಟದ ವರ್ಷ ಜೂನ್ 7–8ಕ್ಕೆ ಕೂಡುವ ಮೃಗಶಿರಾ ಮಳೆಯಿಂದ ಆರಂಭವಾಗುತ್ತದೆ. ಹೋಳಿ ಹುಣ್ಣಿಮೆ ಕಳೆದು, ಶರಣಬಸವೇಶ್ವರ ಜಾತ್ರೆಯ ತೇರು ಎಳೆಯುವ ಹೊತ್ತಿಗೆ ಮುಗಿಯುತ್ತದೆ. ನಡುವಿನ ಒಂಬತ್ತು ತಿಂಗಳು ಬೆಳೆಯ ಕಾಲ. ಉಳಿದ ಮೂರು ತಿಂಗಳು ಮಣ್ಣಿಗೂ ಮನುಷ್ಯರಿಗೂ ವಿಶ್ರಾಂತಿ. ಇಷ್ಟನ್ನು ಒಪ್ಪಿಕೊಂಡರೆ ಅರ್ಧ ಕೆಲಸ ಹಗುರಾಗುತ್ತದೆ.

ಮೊದಲು ಮಾಳಿಗೆಯ ತಾಕತ್ತು ನೋಡಿ

ಬೀಜ ಕೊಳ್ಳುವ ಮೊದಲೇ ಭಾರದ ವಿಚಾರ ಮಾಡಬೇಕು. ಜನ ಓಡಾಡುವಂಥ ಆರ್‌ಸಿಸಿ ಛಾವಣಿಯನ್ನು ಸಾಮಾನ್ಯವಾಗಿ ಒಂದು ಚದರ ಮೀಟರಿಗೆ 150 ಕಿಲೋ ಹೆಚ್ಚುವರಿ ಭಾರ ಹೊರುವಂತೆ ಲೆಕ್ಕ ಹಾಕಿ ಕಟ್ಟುತ್ತಾರೆ. ಒಂದು ಅಡಿ ದಪ್ಪಕ್ಕೆ ಹಸಿ ಮಣ್ಣು ಹರಡಿದರೆ ಅದೇ ಒಂದು ಚದರ ಮೀಟರಿಗೆ 450 ಕಿಲೋ ದಾಟುತ್ತದೆ. ಮಾಳಿಗೆಯ ಮೇಲೆ ಇಟ್ಟಿಗೆ ಕಟ್ಟಿ ಮಣ್ಣು ತುಂಬಿ ಮಡಿ ಮಾಡುವುದು ಎಂಜಿನಿಯರನ್ನು ಕೇಳದೆ ಮಾಡುವ ಕೆಲಸವಲ್ಲ. ಬಿಡಿ ಕುಂಡಗಳನ್ನು ಗೋಡೆಯ ನೇರಕ್ಕೆ, ತೊಲೆ ಹಾದುಹೋಗುವ ಸಾಲಿನಲ್ಲಿ ಇಡಿ. ನಡುಮಾಳಿಗೆ ಖಾಲಿ ಇರಲಿ. ಹಳೆಯ ಬಡಾವಣೆಗಳಲ್ಲಿ ಇನ್ನೂ ಉಳಿದಿರುವ ಮಣ್ಣಿನ ಮಾಳಿಗೆ ಮತ್ತು ಹಾಸುಗಲ್ಲಿನ ಛಾವಣಿಯ ಮನೆಗಳಲ್ಲಿ ಮೇಲೆ ಏನೂ ಇಡಬೇಡಿ. ಅಂಥ ಮನೆಯವರಿಗೆ ಅಂಗಳ, ಮೆಟ್ಟಿಲ ಬದಿ, ಕಾಂಪೌಂಡಿನ ಒಳಬದಿ ಇದ್ದೇ ಇದೆ.

ಸುಟ್ಟ ಮಣ್ಣಿನ ಕುಂಡ ಬೇರಿಗೆ ತಂಪು. ಆದರೆ ಭಾರ ಹೆಚ್ಚು, ನೀರೂ ಬೇಗ ಆರುತ್ತದೆ. ಮಾಳಿಗೆಗೆ ತಿಳಿಬಣ್ಣದ ಗ್ರೋ ಬ್ಯಾಗ್ ಮೇಲು. ಕಪ್ಪು ಪ್ಲಾಸ್ಟಿಕ್ ಕುಂಡ ನಮ್ಮ ಬಿಸಿಲಿನಲ್ಲಿ ಬೇರನ್ನು ಬೇಯಿಸುತ್ತದೆ. ಕಪ್ಪು ಕುಂಡವೇ ಮನೆಯಲ್ಲಿದ್ದರೆ ಹೊರಗೆ ಸುಣ್ಣ ಬಳಿಯಿರಿ, ಇಲ್ಲವೆ ಹಳೆಯ ಗೋಣಿಚೀಲ ಸುತ್ತಿ. ಅಕ್ಕಿ ಚೀಲ, ಪೇಂಟ್ ಡಬ್ಬಿಗಳನ್ನು ಚೆನ್ನಾಗಿ ತೊಳೆದು ಬಳಸಬಹುದು. ಕೀಟನಾಶಕದ ಡಬ್ಬಿಯನ್ನು ಮಾತ್ರ ಎಷ್ಟೇ ತೊಳೆದರೂ ಬಳಸಬಾರದು. ಯಾವ ಪಾತ್ರೆಯಾದರೂ ಅಡಿಯಲ್ಲಿ ನಾಲ್ಕೈದು ತೂತು ಇರಲಿ, ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ. ನೀರು ನಿಂತು ಛಾವಣಿ ಹಸಿಯಾಗುವುದಿಲ್ಲ, ಕಾದ ಕಾಂಕ್ರೀಟಿನ ಬಿಸಿಯೂ ನೇರ ಬೇರಿಗೆ ತಾಗುವುದಿಲ್ಲ.

ಎರೆ ಮಣ್ಣಿನ ಹದ

ನಮ್ಮ ಎರೆ ಹೊಲದಲ್ಲಿ ಬಂಗಾರ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ್ದರ ಹಿಂದೆ ಈ ಮಣ್ಣಿನ ಪಾಲೂ ಇದೆ. ಅದೇ ಮಣ್ಣು ಕುಂಡದೊಳಗೆ ಬಂದರೆ ತೊಂದರೆ ಕೊಡುತ್ತದೆ. ನೀರು ಕುಡಿದಾಗ ಉಬ್ಬಿ ಗಾಳಿಗೆ ಜಾಗ ಬಿಡುವುದಿಲ್ಲ. ಒಣಗಿದಾಗ ಕುಗ್ಗಿ ಕುಂಡದ ಅಂಚು ಬಿಟ್ಟು ಬಿರುಕು ಬಿಡುತ್ತದೆ. ಆಗ ಹಾಕಿದ ನೀರೆಲ್ಲ ಬಿರುಕಿನಿಂದ ಸುರಿದು ಹೊರಗೆ ಹೋಗುತ್ತದೆ, ಬೇರು ಒಣಗಿಯೇ ಉಳಿಯುತ್ತದೆ. ‘ದಿನಾ ನೀರು ಹಾಕ್ತೀನಿ, ಆದ್ರೂ ಗಿಡ ಬಾಡ್ತದ’ ಎನ್ನುವವರ ಕುಂಡದಲ್ಲಿ ಬೆರಳು ಇಟ್ಟು ನೋಡಿದರೆ ಹೆಚ್ಚಾಗಿ ಕಾಣುವುದು ಇದೇ.

ಕುಂಡಕ್ಕೆ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಕಲಸಿ. ನಾರಿನ ಪುಡಿ ದುಬಾರಿ ಎನಿಸಿದರೆ ಅರ್ಧ ಪಾಲು ಉಸುಕು, ಅರ್ಧ ಪಾಲು ಒಣ ಎಲೆಯ ಗೊಬ್ಬರ ಆಗುತ್ತದೆ. ಕೆಂಪು ಮಣ್ಣಿಗೆ ಪರದಾಡಬೇಕಿಲ್ಲ. ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದ ಕಡೆ ಹೋದರೆ, ಕೆಂಬಾಳೆ ಬೆಳೆಯುವ ಕಣಿವೆಯ ಭಾಗದಲ್ಲಿ ನೆಲದ ಬಣ್ಣವೇ ಬದಲಾಗುತ್ತದೆ. ನಗರದ ನರ್ಸರಿಗಳಲ್ಲೂ ಕೆಂಪು ಮಣ್ಣು ಸಿಗುತ್ತದೆ. ಸಿಗದಿದ್ದರೆ ಎರೆಯನ್ನೇ ಬಳಸಿ, ಆದರೆ ಅದು ಒಟ್ಟು ಮಿಶ್ರಣದ ಕಾಲು ಭಾಗ ಮೀರದಿರಲಿ.

ಗೊಬ್ಬರದ ವಿಷಯದಲ್ಲಿ ನಮ್ಮ ಸೀಮೆ ಶ್ರೀಮಂತ. ಕುರಿ ಹಿಂಡು ಹಾಯುವ ಊರುಗಳಿಂದ ಕುರಿ ಹಿಕ್ಕೆ ಸಿಗುತ್ತದೆ. ಅದು ಕುಂಡಕ್ಕೆ ಬಹಳ ಒಳ್ಳೆಯದು, ಆರು ತಿಂಗಳು ಹಳೆಯದಾಗಿರಬೇಕು ಅಷ್ಟೆ. ಹಸಿ ಸಗಣಿಯನ್ನು ನೇರವಾಗಿ ಹಾಕಿದರೆ ಬೇರು ಸುಡುತ್ತದೆ, ಗೊಣ್ಣೆ ಹುಳುವೂ ಬರುತ್ತದೆ. ಬೇಳೆ ಮಿಲ್ಲುಗಳ ಊರಿನಲ್ಲಿ ತೊಗರಿ ಹೊಟ್ಟಿಗೇನು ಬರ? ಅದನ್ನು ಗಿಡದ ಬುಡಕ್ಕೆ ಎರಡು ಇಂಚು ಹೊದಿಸಿದರೆ ನೀರಿನ ಆವಿ ಕಡಿಮೆಯಾಗುತ್ತದೆ, ನಿಧಾನಕ್ಕೆ ಕರಗಿ ಗೊಬ್ಬರವೂ ಆಗುತ್ತದೆ. ತೊಗರಿ ಕಟಗಿ ಟಮಾಟಿಗೆ ಆಸರೆ, ಹೀರಿ ಬಳ್ಳಿಗೆ ಚಪ್ಪರ. ಅಡುಗೆಮನೆಯ ಸಿಪ್ಪೆ, ದಂಟುಗಳನ್ನು ತೂತು ಕೊರೆದ ಡ್ರಮ್ಮಿನಲ್ಲಿ ಒಂದು ಪಾಲು ಹಸಿಗೆ ಎರಡು ಪಾಲು ಒಣ ಎಲೆಯಂತೆ ಪದರ ಪದರವಾಗಿ ಹಾಕಿ. ಮಾಘ-ಫಾಲ್ಗುಣದಲ್ಲಿ ಬೇವಿನ ಮರ ಎಲೆ ಉದುರಿಸುವಾಗ ಗುಡಿಸಿ ಚೀಲ ತುಂಬಿಟ್ಟುಕೊಂಡರೆ ವರ್ಷಕ್ಕೆ ಆಗುವಷ್ಟು ಒಣ ಎಲೆ ಸಿಕ್ಕಿತು. ಇಲ್ಲಿನ ಒಣ ಹವೆಗೆ ಡ್ರಮ್ಮು ಬೇಗ ಒಣಗಿ ಕಳಿಯುವುದು ನಿಂತುಬಿಡುತ್ತದೆ. ವಾರಕ್ಕೆರಡು ಸಲ ನೀರು ಚಿಮುಕಿಸಿ ತಿರುವಿದರೆ ಎರಡು-ಮೂರು ತಿಂಗಳಿಗೆ ಗೊಬ್ಬರ ಸಿದ್ಧ.

ಬೆಳೆಯುವಾಗಿನ ಪೋಷಣೆಗೆ ಜೀವಾಮೃತ ಮಾಡಿಕೊಳ್ಳಬಹುದು. ಹೊಲದ ಅಳತೆಯನ್ನು ಹತ್ತನೇ ಒಂದಕ್ಕೆ ಇಳಿಸಿದರೆ 20 ಲೀಟರ್ ನೀರಿಗೆ 1 ಕಿಲೋ ಸಗಣಿ, 1 ಲೀಟರ್ ಗಂಜಲ, 200 ಗ್ರಾಂ ಬೆಲ್ಲ, 200 ಗ್ರಾಂ ದ್ವಿದಳ ಧಾನ್ಯದ ಹಿಟ್ಟು, ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನಕ್ಕೆರಡು ಸಲ ಕಲಕಿ, ಮೂರು ದಿನದ ನಂತರ ಹತ್ತು ಪಟ್ಟು ನೀರು ಬೆರೆಸಿ ಕುಂಡಗಳಿಗೆ ಹಾಕಿ. ಅಪಾರ್ಟ್‌ಮೆಂಟಿನಲ್ಲಿ ಇದರ ವಾಸನೆ ನೆರೆಹೊರೆಯವರಿಗೆ ಕಷ್ಟ. ಅಂಥವರು ಎರಡು ವಾರಕ್ಕೊಮ್ಮೆ ಪ್ರತಿ ಕುಂಡಕ್ಕೆ ಎರಡು ಮುಷ್ಟಿ ಎರೆಹುಳು ಗೊಬ್ಬರ ಹಾಕಿದರೂ ನಡೆಯುತ್ತದೆ.

ಏನು ಬೆಳೆಯಬೇಕು

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಒಬ್ಬರಿಗೆ ದಿನಕ್ಕೆ ಕನಿಷ್ಠ 300 ಗ್ರಾಂ ತರಕಾರಿ ಬೇಕೆಂದು ಹೇಳಿತ್ತು. ನಾಲ್ಕು ಮಂದಿಯ ಮನೆಗೆ ಅದು ದಿನಕ್ಕೆ 1.2 ಕಿಲೋ. ಇಪ್ಪತ್ತು ಕುಂಡಗಳಿಂದ ಅಷ್ಟು ಬರುವುದಿಲ್ಲ, ಬರುತ್ತದೆಂದು ಹೇಳುವುದು ಸುಳ್ಳಾಗುತ್ತದೆ. ಕುಂಡದ ತೋಟ ಪೂರ್ತಿಯಾಗಿ ಒದಗಿಸಬಲ್ಲದ್ದು ತಪ್ಪಲು ಪಲ್ಯವನ್ನು. ಪೇಟೆಯಲ್ಲಿ ಬೇಗ ಬಾಡುವುದೂ ಅದೇ, ಎಂಥ ನೀರಿನಲ್ಲಿ ಬೆಳೆದರೋ ಎಂದು ಚಿಂತೆ ಹುಟ್ಟಿಸುವುದೂ ಅದೇ. ಆದ್ದರಿಂದ ಮೊದಲ ವರ್ಷ ಅರ್ಧಕ್ಕಿಂತ ಹೆಚ್ಚು ಕುಂಡಗಳನ್ನು ಸೊಪ್ಪಿಗೇ ಕೊಡಿ. ಬ್ರೊಕೊಲಿ, ಬಣ್ಣದ ದೊಣ್ಣೆಮೆಣಸಿನಕಾಯಿ, ಲೆಟ್ಯೂಸ್‌ಗಳ ಚಂದದ ಪೊಟ್ಟಣ ನೋಡಿ ಮರುಳಾಗಬೇಡಿ.

ಸೊಪ್ಪಿನಲ್ಲಿ ಮೊದಲ ಮಣೆ ಪುಂಡಿಗೆ. ಇದಕ್ಕಿಂತ ನಮ್ಮ ನೆಲಕ್ಕೆ ಒಗ್ಗಿದ ಸೊಪ್ಪು ಇನ್ನೊಂದಿಲ್ಲ. ಜೂನ್‌ನಲ್ಲಿ ಬೀಜ ಉದುರಿಸಿದರೆ 40 ದಿನಕ್ಕೆ ಕುಡಿ ಕೀಳಬಹುದು, ಕಿತ್ತಷ್ಟೂ ಕವಲೊಡೆಯುತ್ತದೆ. ಹಗಲು ಕಿರಿದಾಗುತ್ತ ಬಂದಂತೆ, ಅಕ್ಟೋಬರ್ ಆಚೆ, ಹೂವಿಗೆ ಹೊರಳಿ ಎಲೆ ಗಡುಸಾಗುತ್ತದೆ. ಅಷ್ಟರಲ್ಲಿ ಮೂರು ತಿಂಗಳಿಗೂ ಮಿಕ್ಕಿ ಮನೆಯಲ್ಲಿ ಪುಂಡಿಪಲ್ಯ, ಜೋಳದ ನುಚ್ಚು, ಬೆಳ್ಳುಳ್ಳಿ ಒಗ್ಗರಣೆಗೆ ಕೊರತೆ ಇರುವುದಿಲ್ಲ. ಎರಡು ಗಿಡ ಬೀಜಕ್ಕೆ ಬಿಡಿ.

ರಾಜಗಿರಿ 25–30 ದಿನಕ್ಕೆ ಸಿದ್ಧ, ಮಳೆಗಾಲದಲ್ಲೂ ಚಳಿಯಲ್ಲೂ ಬರುತ್ತದೆ. ಮೆಂತೆ, ಕೊತ್ತಂಬರಿ, ಸಬ್ಬಸಗಿ, ಪಾಲಕ್ ಮಾತ್ರ ಚಳಿಯ ಮಕ್ಕಳು. ದಸರೆ ಕಳೆದ ಮೇಲೆ ಬಿತ್ತಿ, ಹತ್ತು-ಹನ್ನೆರಡು ದಿನಕ್ಕೊಮ್ಮೆ ಒಂದೊಂದು ಅಗಲ ಪಾತ್ರೆಯಲ್ಲಿ ಹೊಸದಾಗಿ ಬಿತ್ತುತ್ತ ಹೋದರೆ ಸಂಕ್ರಾಂತಿಯಾಚೆಗೂ ಸರದಿ ತಪ್ಪುವುದಿಲ್ಲ. ಕೊತ್ತಂಬರಿ ಬೀಜವನ್ನು ಚಪ್ಪಲಿಯಿಂದಲೋ ಲಟ್ಟಣಿಗೆಯಿಂದಲೋ ಒತ್ತಿ ಎರಡು ಹೋಳು ಮಾಡಿ ಬಿತ್ತಬೇಕು. ಪಾಲಕ್‌ನಲ್ಲಿ ಹೊರಗಿನ ಎಲೆಗಳನ್ನಷ್ಟೇ ಕೊಯ್ದರೆ ಅದೇ ಬುಡ ನಾಲ್ಕೈದು ಸಲ ಕೊಡುತ್ತದೆ. ಎಳ್ಳ ಅಮಾವಾಸ್ಯೆಯ ಭಜ್ಜಿಗೆ ಬೇಕಾಗುವ ಮೆಂತೆ, ಉಳ್ಳಾಗಡ್ಡಿ ತಪ್ಪಲು, ಬದನಿಕಾಯಿ, ಅವರಿ ಇವೆಲ್ಲ ಆ ಹೊತ್ತಿಗೆ ಮನೆಯಲ್ಲೇ ಕೈಗೆ ಸಿಗುವಂತೆ ಹೊಂದಿಸಿಕೊಂಡರೆ ಮಕ್ಕಳಿಗೂ ಹಬ್ಬದ ಅರ್ಥ ಕಣ್ಣೆದುರು ಬೆಳೆಯುತ್ತದೆ.

ಕಾಯಿಪಲ್ಯದಲ್ಲಿ ಬಿಸಿಲಿಗೆ ಅಂಜದ ಗಟ್ಟಿಗ ಚವಳಿಕಾಯಿ. ನೀರು ಒಂದು ದಿನ ತಪ್ಪಿದರೂ ಬಾಡದು. ಬೆಂಡಿಯನ್ನು ಒಂದು ಅಡಿ ಅಗಲದ ಕುಂಡಕ್ಕೆ ಒಂದೇ ಗಿಡದಂತೆ ಜೂನ್‌ನಲ್ಲಿ ನೇರ ಬಿತ್ತಿ. ಎಲೆಯ ನರ ಹಳದಿಯಾಗುವ ರೋಗ ಇದಕ್ಕೆ ದೊಡ್ಡ ಶತ್ರು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ಅನಾಮಿಕಾ’ ತಳಿಯನ್ನು ಈ ರೋಗ ತಡೆದುಕೊಳ್ಳಲೆಂದೇ ರೂಪಿಸಿದ್ದು. 45–50 ದಿನಕ್ಕೆ ಕಾಯಿ ಶುರುವಾದರೆ ದಿನ ಬಿಟ್ಟು ದಿನ ಕೊಯ್ಯಲೇಬೇಕು. ಒಂದು ಕಾಯಿ ಬಲಿತರೂ ಗಿಡ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಬದನೆ ಕುಂಡಕ್ಕೆ ಹೇಳಿ ಮಾಡಿಸಿದ ಗಿಡ. ಒಮ್ಮೆ ಫಸಲು ಮುಗಿದ ಮೇಲೆ ಮುಕ್ಕಾಲು ಅಡಿ ಬಿಟ್ಟು ಕತ್ತರಿಸಿ ಗೊಬ್ಬರ ಕೊಟ್ಟರೆ ಮತ್ತೆ ಚಿಗುರಿ ಎರಡನೇ ಸಲವೂ ಕಾಯಿ ಕೊಡುತ್ತದೆ.

ಟಮಾಟಿಗೆ ಆತುರ ಬೇಡ. ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿ ರಾತ್ರಿಯೂ ಸೆಕೆ ಉಳಿದರೆ ಪರಾಗ ಕೆಟ್ಟು ಹೂ ಉದುರುತ್ತದೆ, ಕಾಯಿ ಕಚ್ಚುವುದಿಲ್ಲ. ಆಗಸ್ಟ್ ಕೊನೆಗೆ ಬೀಜ ಹಾಕಿ ಸೆಪ್ಟೆಂಬರ್ ಕೊನೆಗೆ ಸಸಿ ನೆಟ್ಟರೆ ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಹಣ್ಣು. ಹೆಸರಘಟ್ಟದ ಸಂಸ್ಥೆಯದೇ ಆದ ‘ಅರ್ಕಾ ರಕ್ಷಕ್’ ಎಲೆ ಮುದುಡು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವ ತಳಿ. ಆದರೆ ಅದು ಹೈಬ್ರಿಡ್ ಆದ್ದರಿಂದ ಅದರ ಬೀಜ ಎತ್ತಿಟ್ಟು ಮರುವರ್ಷ ಬಿತ್ತಿದರೆ ಅದೇ ಗುಣ ಬರುವುದಿಲ್ಲ.

ಬಳ್ಳಿ ತರಕಾರಿ ಬೆಳೆಯುವವರ ಸಾಮಾನ್ಯ ದೂರು ‘ಹೂ ಬಿಡ್ತದ, ಕಾಯಿ ನಿಲ್ಲಂಗಿಲ್ಲ’ ಎಂಬುದು. ಮಾಳಿಗೆಯ ಎತ್ತರಕ್ಕೆ ಜೇನು, ದುಂಬಿ ಕಡಿಮೆ ಬರುತ್ತವೆ. ಗಂಡು ಹೂ ಕಿತ್ತು, ದಳ ಬಿಡಿಸಿ, ಬುಡದಲ್ಲಿ ಪುಟ್ಟ ಕಾಯಿ ಇರುವ ಹೆಣ್ಣು ಹೂವಿಗೆ ನಾವೇ ಸವರಬೇಕು. ಇಲ್ಲಿ ಹೊತ್ತು ಮುಖ್ಯ. ಹೀರೆ, ಸೋರೆಯ ಹೂಗಳು ಅರಳುವುದು ಸಂಜೆ, ಸೌತೆ, ಹಾಗಲದವು ಬೆಳಿಗ್ಗೆ. ಹೀರೆ ಹೂವನ್ನು ಬೆಳಿಗ್ಗೆ ಸವರಿದರೆ ಶ್ರಮ ವ್ಯರ್ಥ. ಬಳ್ಳಿಗಳಿಗೆ ಕನಿಷ್ಠ 20 ಲೀಟರ್ ಮಣ್ಣು ಹಿಡಿಸುವ ಪಾತ್ರೆ ಬೇಕು.

ನೀರು

ಒಂದು ಅಡಿ ಕುಂಡಕ್ಕೆ ಚಳಿಗಾಲದಲ್ಲಿ ದಿನಕ್ಕೆ ಒಂದು ಲೀಟರಿನಷ್ಟು ನೀರು ಸಾಕು. ಇಪ್ಪತ್ತು ಕುಂಡಕ್ಕೆ 20 ಲೀಟರ್, ಅಂದರೆ ದೊಡ್ಡ ಬಕೆಟ್ ಒಂದು. ಬಿಸಿಲು ಏರಿದಂತೆ ಇದು ದುಪ್ಪಟ್ಟಾಗುತ್ತದೆ. ನಲ್ಲಿ ನೀರು ದಿನವೂ ಬಾರದ ಬಡಾವಣೆಗಳಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ತೋಟದ ಗಾತ್ರವನ್ನು ಜಾಗ ನೋಡಿ ತೀರ್ಮಾನಿಸಬೇಡಿ, ಫೆಬ್ರುವರಿಯಲ್ಲಿ ನಿಮ್ಮ ಮನೆಗೆ ಎಷ್ಟು ನೀರು ಸಿಗುತ್ತದೆ ಎಂಬುದನ್ನು ನೋಡಿ ತೀರ್ಮಾನಿಸಿ.

ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಗಿಡಕ್ಕೆ ಒಳ್ಳೆಯದು. ಏಸಿಯಿಂದ ತೊಟ್ಟಿಕ್ಕುವ ನೀರಿನಲ್ಲಿ ಲವಣವೇ ಇರುವುದಿಲ್ಲ, ಅದನ್ನೂ ಹಿಡಿದಿಡಿ. ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಕುಂಡಕ್ಕೆ ಹಾಕುತ್ತ ಹೋಗಬೇಡಿ. ನಮ್ಮ ಬೋರಿನ ನೀರೇ ಗಡುಸು, ಅದರೊಳಗಿನ ಲವಣವೆಲ್ಲ ಆ ನೀರಿಗೆ ಸೇರಿರುತ್ತದೆ. ಕೆಲವೇ ತಿಂಗಳಲ್ಲಿ ಕುಂಡದ ಅಂಚಿಗೆ ಬಿಳಿ ಪದರ ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಹಾಗೇನಾದರೂ ಆಗಿದ್ದರೆ ಮುಂಗಾರಿನ ಮೊದಲ ಎರಡು-ಮೂರು ಜೋರು ಮಳೆಗೆ ಕುಂಡಗಳನ್ನು ಬಯಲಿಗಿಡಿ. ಲವಣ ತೊಳೆದು ಹೋಗಲು ಮಳೆನೀರಿಗಿಂತ ಒಳ್ಳೆಯ ಮದ್ದಿಲ್ಲ. 100 ಚದರ ಮೀಟರ್ ಮಾಳಿಗೆಯ ಮೇಲೆ 10 ಮಿಲಿಮೀಟರ್ ಮಳೆಯಾದರೆ ಬೀಳುವ ನೀರು ಸಾವಿರ ಲೀಟರ್. ಒಂದು ಡ್ರಮ್ಮಿನಷ್ಟನ್ನಾದರೂ ಹಿಡಿಯಿರಿ, ಸೊಳ್ಳೆ ಬಾರದಂತೆ ಬಟ್ಟೆ ಕಟ್ಟಿ.

ನೀರು ಹಾಕುವುದು ಬೆಳಗಿನ ಎಂಟರೊಳಗೆ. ಬೆರಳನ್ನು ಒಂದು ಗೆಣ್ಣು ಆಳಕ್ಕೆ ಚುಚ್ಚಿ ನೋಡಿ. ಹಸಿ ತಾಗಿದರೆ ಆ ದಿನ ನೀರು ಬೇಡ. ಮಳೆಗಾಲದಲ್ಲಿ ಗಿಡ ಸಾಯುವುದು ಹೆಚ್ಚಾಗಿ ಅತಿ ನೀರಿಗೇ.

ಕಮಲಾಪುರದ ಹಿತ್ತಲು

ನಗರದಿಂದ 35 ಕಿಲೋಮೀಟರ್ ಆಚೆಯ ಕಮಲಾಪುರಕ್ಕೆ ಬಂದರೆ ತೋಟದ ಸ್ವರೂಪವೇ ಬೇರೆ. ಇಲ್ಲಿನ ಹಳೆಯ ಮನೆಗಳಿಗೆ ಹಿತ್ತಲಿದೆ, ಬಚ್ಚಲ ನೀರು ಹರಿಯಲು ಜಾಗವಿದೆ. ಕುಂಡಕ್ಕೆ ಖರ್ಚು ಮಾಡುವ ಅಗತ್ಯವೇ ಇಲ್ಲ. ಊರಿನ ಹೆಸರನ್ನು ಹೊರಗೆ ಬೆಳಗಿಸಿದ ಕೆಂಬಾಳೆಗೂ ಭೌಗೋಳಿಕ ಸೂಚಕದ ಗುರುತಿದೆ. ಹಿತ್ತಲಿದ್ದವರು ಒಂದಾದರೂ ಕೆಂಬಾಳೆ ಕಂದು ನೆಡಬೇಕೆಂಬುದು ನನ್ನ ಕಳಕಳಿಯ ಮಾತು. ಗೊನೆಗೆ ಒಂದೂವರೆ ವರ್ಷದವರೆಗೂ ಕಾಯಬೇಕಾಗುತ್ತದೆ, ಸಾದಾ ಬಾಳೆಗಿಂತ ಎತ್ತರ ಬೆಳೆಯುವುದರಿಂದ ಗಾಳಿಗೆ ಆಸರೆ ಬೇಕು. ಮೈ ತೊಳೆದ, ಪಾತ್ರೆ ಬೆಳಗಿದ ಬಚ್ಚಲ ನೀರು ಬಾಳೆಗೆ ನಡೆಯುತ್ತದೆ. ಅದನ್ನು ಸೊಪ್ಪಿನ ಮಡಿಗೆ ಬಿಡಬಾರದು. ಸೋಪಿನ ಅಂಶಕ್ಕಿಂತ ಹೆಚ್ಚಾಗಿ, ಹಸಿಯಾಗಿ ತಿನ್ನುವ ಎಲೆಗೆ ಕೊಳೆ ನೀರು ತಾಗುವುದೇ ಅಪಾಯ.

ಎರೆ ನೆಲದ ಹಿತ್ತಲಿನಲ್ಲಿ ಮಳೆ ನೀರು ನಿಂತು ಬೇರು ಕೊಳೆಯುತ್ತದೆ. ಮಡಿಯನ್ನು ಅರ್ಧದಿಂದ ಮುಕ್ಕಾಲು ಅಡಿ ಏರಿಸಿ, ಸುತ್ತ ಫರ್ಸಿಯ ತುಂಡುಗಳನ್ನು ನಿಲ್ಲಿಸಿ. ಶಹಾಬಾದ್ ಕಲ್ಲಿನ ಸೀಮೆಯಲ್ಲಿ ಒಡೆದ ಫರ್ಸಿಗೆ ಹೆಚ್ಚು ಬೆಲೆ ಕೊಡಬೇಕಾಗಿಲ್ಲ. ಮಡಿಯ ಅಗಲ ಮೂರೂವರೆ ಅಡಿ ಮೀರದಿದ್ದರೆ ಎರಡೂ ಬದಿಯಿಂದ ಕೈ ನಿಲುಕುತ್ತದೆ, ಒಳಗೆ ಕಾಲಿಟ್ಟು ಮಣ್ಣು ತುಳಿಯುವುದು ತಪ್ಪುತ್ತದೆ. ಎರೆಯನ್ನು ಹಸಿಯಿದ್ದಾಗ ಅಗೆದರೆ ಹೆಂಟೆಗಟ್ಟಿ ಕಲ್ಲಾಗುತ್ತದೆ, ಹದ ಬಂದಾಗಲೇ ಕೈ ಹಾಕಿ. ವರ್ಷಕ್ಕೆ ಒಂದು ಚದರ ಮೀಟರಿಗೆ ನಾಲ್ಕೈದು ಕಿಲೋ ಗೊಬ್ಬರ ಸೇರಿಸುತ್ತ ಹೋದರೆ ಮೂರ್ನಾಲ್ಕು ವರ್ಷದಲ್ಲಿ ಆ ಮಣ್ಣಿನ ಗುಣವೇ ಮೃದುವಾಗುತ್ತದೆ. ಹಿಂಗಾರಿಗೆ ಈ ನೆಲ ತೇವ ಹಿಡಿದಿಡುವುದರಿಂದ ಕಡಲಿ, ಕುಸುಬಿಯನ್ನು ಎಳೆ ಸೊಪ್ಪಿಗಾಗಿಯೇ ಒಂದು ಸಾಲು ಬಿತ್ತಬಹುದು. ನೀರು ಹೆಚ್ಚು ಕೇಳುವುದಿಲ್ಲ.

ಎರೆಯಲ್ಲಿ ಸುಣ್ಣದ ಅಂಶ ಹೆಚ್ಚು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದರೆ ಅದು ಕಬ್ಬಿಣದ ಕೊರತೆ. ಒಂದು ಲೀಟರ್ ನೀರಿಗೆ 3 ಗ್ರಾಂ ಫೆರಸ್ ಸಲ್ಫೇಟ್, ಅರ್ಧ ನಿಂಬೆಹಣ್ಣಿನ ರಸ ಬೆರೆಸಿ ಸಂಜೆ ಎಲೆಗೆ ಸಿಂಪಡಿಸಿ, ವಾರದ ನಂತರ ಇನ್ನೊಮ್ಮೆ. ಎಲೆ ಹಳದಿ ಕಂಡ ಕೂಡಲೇ ಯೂರಿಯಾ ಸುರಿಯುವ ಅಭ್ಯಾಸ ಬಿಡಬೇಕು.

ಹಿತ್ತಲಿನ ಇನ್ನೊಂದು ಉಪಾಯ ಗಡಿಗೆ ನೀರಾವರಿ. ಮೆರುಗು ಹಚ್ಚದ ಮಣ್ಣಿನ ಗಡಿಗೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿಗೆ ಫರ್ಸಿ ತುಂಡು ಮುಚ್ಚಿ. ಸುತ್ತ ಮೂರು-ನಾಲ್ಕು ಹೀರಿ, ಸೌತಿ ಬೀಜ ಊರಿ. ಗಡಿಗೆಯ ಮೈಯಿಂದ ಜಿನುಗುವ ನೀರನ್ನು ಬೇರು ತಾನೇ ಹುಡುಕಿಕೊಂಡು ಬರುತ್ತದೆ. ಗಡಿಗೆ ಖಾಲಿಯಾದಾಗ ತುಂಬಿದರಾಯಿತು. ಊರಿಗೆ ಹೋಗಿ ಬರುವವರಿಗೂ ಅನುಕೂಲ.

ಹುಳ, ರೋಗ

ಮನೆಯವರು ತಿನ್ನುವ ಗಿಡಕ್ಕೆ ಹೊಲದ ಕೀಟನಾಶಕ ಹೊಡೆಯುವುದಾದರೆ ಪೇಟೆಯಿಂದಲೇ ತರಬಹುದಲ್ಲ. ಸುತ್ತ ಬೇವಿನ ಮರಗಳಿರುವಾಗ ಅದರ ಅಗತ್ಯವೂ ಬರುವುದಿಲ್ಲ. 50 ಗ್ರಾಂ ಬೇವಿನ ಬೀಜದ ತಿರುಳನ್ನು ಜಜ್ಜಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪು ಬೆರೆಸಿ ಸಂಜೆ ಸಿಂಪಡಿಸಿ. ಬೀಜ ಇಲ್ಲದಿದ್ದರೆ ಲೀಟರಿಗೆ 3–5 ಮಿಲಿಲೀಟರ್ ಬೇವಿನ ಎಣ್ಣೆ. ಹೇನು, ಬಿಳಿನೊಣ, ಮೆಣಸಿನಕಾಯಿಯ ಮುಟುರು ತರುವ ನುಸಿಗಳಿಗೆ ಇದನ್ನು ವಾರಕ್ಕೊಮ್ಮೆ ತಪ್ಪದೆ ಮಾಡಬೇಕು. ರೋಗ ಬಲಿತ ಮೇಲೆ ಹೊಡೆದರೆ ಫಲ ಕಡಿಮೆ. ಬೆಂಡಿ, ದಾಸವಾಳಗಳಿಗೆ ಬರುವ ಬಿಳಿ ಹಿಟ್ಟು ತಿಗಣೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಸೋಪಿನ ನೀರು ಹಚ್ಚಿ ಉಜ್ಜಿ ತೆಗೆಯಿರಿ. ಇರುವೆ ಸಾಲು ಕಂಡರೆ ತಿಗಣೆ ಬರುತ್ತಿದೆಯೆಂದೇ ತಿಳಿಯಿರಿ. ಬದನೆಯ ಕುಡಿ ಬಾಗಿ ಬಾಡಿದ್ದರೆ ಒಳಗೆ ಕೊರಕ ಹುಳ ಸೇರಿದೆ. ಬಾಡಿದ ಭಾಗಕ್ಕಿಂತ ಒಂದು ಇಂಚು ಕೆಳಗೆ ಕತ್ತರಿಸಿ ನಾಶ ಮಾಡಿ, ಗೊಬ್ಬರದ ಡ್ರಮ್ಮಿಗೆ ಹಾಕಬೇಡಿ.

ಬೇಸಗೆಯ ಮೂರು ತಿಂಗಳು

ಹೋಳಿ ಕಳೆದ ಮೇಲೆ ಹೊಸದಾಗಿ ಏನೂ ನೆಡಬೇಡಿ. ಮುಗಿದ ಗಿಡ ಕಿತ್ತು, ಕುಂಡದ ಮಣ್ಣನ್ನು ಹಾಳೆಯ ಮೇಲೆ ಹರಡಿ ಎರಡು ವಾರ ಬಿಸಿಲಿಗೆ ಕಾಯಿಸಿ. ಮಣ್ಣಿನ ರೋಗಾಣು, ಹುಳದ ತತ್ತಿ ಸಾಯಲು ನಮ್ಮ ಏಪ್ರಿಲ್ ಬಿಸಿಲಿನಷ್ಟು ಪ್ರಬಲವಾದದ್ದು ಬೇರೊಂದಿಲ್ಲ. ಆಮೇಲೆ ಗೊಬ್ಬರ ಬೆರೆಸಿ ಚೀಲದಲ್ಲಿ ನೆರಳಿಗಿಡಿ. ಉಳಿಸಿಕೊಳ್ಳಬೇಕಾದ ಬದನೆ, ಮೆಣಸಿನಕಾಯಿ, ಕರಿಬೇವು, ಪುದೀನದಂಥ ನಾಲ್ಕಾರು ಗಿಡಗಳನ್ನು ಗೋಡೆಯ ಪೂರ್ವ ಬದಿಗೆ ಒತ್ತೊತ್ತಾಗಿ ಸೇರಿಸಿ, ಮೇಲೆ ಶೇಕಡಾ 50 ನೆರಳು ಕೊಡುವ ಬಲೆ ಕಟ್ಟಿ. ಮಧ್ಯಾಹ್ನದ ನಂತರದ ಪಶ್ಚಿಮದ ಬಿಸಿಲನ್ನು ತಪ್ಪಿಸುವುದೇ ಇಲ್ಲಿ ದೊಡ್ಡ ಕೆಲಸ.

ಸೊಪ್ಪು ದುಬಾರಿಯಾಗುವ ಈ ದಿನಗಳಲ್ಲಿ ಕೈ ಹಿಡಿಯುವುದು ನುಗ್ಗೆ. ಹಿತ್ತಲಿರುವವರು ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿಯನ್ನು ಹಾಕಬಹುದು. ಮೂರು ಅಡಿ ಎತ್ತರಕ್ಕೆ ಬಂದಾಗ ಕುಡಿ ಚಿವುಟಿದರೆ ಕವಲೊಡೆದು ಕೈಗೆಟುಕುವಷ್ಟೇ ಇರುತ್ತದೆ. ಎಂಥ ಮೇ ತಿಂಗಳಲ್ಲೂ ನುಗ್ಗೆ ತಪ್ಪಲು ಮನೆಗೆ ಸಿಗುತ್ತದೆ.

ಬೀಜ ಎಲ್ಲಿಂದ

ಮಣ್ಣು ಪರೀಕ್ಷೆ, ಟ್ರೈಕೋಡರ್ಮಾದಂಥ ಜೈವಿಕ ಶಿಲೀಂಧ್ರನಾಶಕ, ತರಬೇತಿಯ ವಿಚಾರಕ್ಕೆ ಆಳಂದ ರಸ್ತೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಅದು ರಾಯಚೂರು ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ನಗರದವರೂ ಹೋಗಬಹುದು. ಅರ್ಕಾ ತಳಿಗಳ ಬೀಜವನ್ನು ಹೆಸರಘಟ್ಟದ ಸಂಸ್ಥೆ ಆನ್‌ಲೈನ್‌ನಲ್ಲೂ ಮಾರುತ್ತದೆ. ಪೊಟ್ಟಣದ ಮೇಲೆ ಪರೀಕ್ಷೆಯ ದಿನಾಂಕ, ಮೊಳಕೆಯ ಪ್ರಮಾಣ ಮುದ್ರಿಸಿರುತ್ತಾರೆ. ದಿನಾಂಕ ಮುಗಿದದ್ದನ್ನು ಕೊಳ್ಳಬೇಡಿ.

ಆದರೆ ಅಂಗಡಿಯ ಪೊಟ್ಟಣದಲ್ಲಿ ಸಿಗದವು ಕೆಲವಿವೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ಹೊಲದ ಬದುವಿನ ಗೋಳಿ, ಮನೆತನದಲ್ಲಿ ಬಂದ ಮುಳಗಾಯಿ, ಚಪ್ಪರದವರಿ. ಇವುಗಳ ಬೀಜ ಇರುವುದು ಹಳ್ಳಿಯ ಅಜ್ಜಿಯರ ಗಡಿಗೆಯಲ್ಲಿ, ಬೂದಿ ಬೆರೆಸಿ ಕಟ್ಟಿಟ್ಟ ಅರಿವೆಯ ಗಂಟಿನಲ್ಲಿ. ಮಕ್ಕಳು ನಗರಕ್ಕೆ ಬಂದ ಮೇಲೆ ಆ ಬೀಜ ಕೇಳುವವರಿಲ್ಲದೆ ಕೆಡುತ್ತಿದೆ. ಮುಂದಿನ ಸಲ ಊರಿಗೆ ಹೋದಾಗ ಜೋಳದ ಹಿಟ್ಟು, ಶೇಂಗಾ ಚಟ್ನಿಯ ಜೊತೆ ಒಂದು ಮುಷ್ಟಿ ಪುಂಡಿ ಬೀಜವನ್ನೂ, ಹಕ್ಕರಕಿ ಬೀಜವನ್ನೂ ಕೇಳಿ ತನ್ನಿ. ಬಿತ್ತಿ, ಬೆಳೆದ ಮೇಲೆ ಪಕ್ಕದ ಮನೆಯವರಿಗೂ ಅರ್ಧ ಮುಷ್ಟಿ ಕೊಡಿ.